ಅಂಟುವಾಳದ ನೀರಲ್ಲಿ ಇಪ್ಪತ್ತೇಳು ಬ್ರಷ್ಷು

ಐಪ್ಪಸಿ ತಿಂಗಳ, ಅಂದರೆ ನಮ್ಮ ತಮಿಳುನಾಡಿನ ಮಳೆಗಾಲದ, ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಜಗಲಿಯ ಮೇಲೆ ಬಿಳಿ ಟವೆಲ್ ಹಾಸಿ, ಮಗಳ ಮೇಕಪ್ ಬ್ರಷ್ಷುಗಳನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸಿದೆ. ಇಪ್ಪತ್ತೇಳು ಇದ್ದವು. ಎಲ್ಲಕ್ಕೂ ನಂಬರ್ ಬರೆದ ಚಿಕ್ಕ ಪ್ಲಾಸ್ಟರ್ ಅಂಟಿಸಿದೆ. ಒಂದನೇ ನಂಬರು ಆಡಿನ ಕೂದಲಿನ ದಪ್ಪ ಪೌಡರ್ ಬ್ರಷ್, ಇಪ್ಪತ್ತೇಳನೆಯದು ಕಣ್ಣಿನ ರೆಪ್ಪೆಗೆ ಗೆರೆ ಎಳೆಯುವ ಕಡ್ಡಿ.

ಮೆಟ್ಟೂರಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಗಾಜಿನ ಸಾಮಾನು ತೊಳೆಯುತ್ತಿದ್ದೆ. ಬೀಕರ್, ಫ್ಲಾಸ್ಕ್, ಪಿಪೆಟ್. ನಲ್ಲಿ ನೀರಲ್ಲಿ ಮೂರು ಸಲ, ಬಟ್ಟಿ ಇಳಿಸಿದ ನೀರಲ್ಲಿ ಮೂರು ಸಲ, ಆಮೇಲೆ ಬಾಯಿ ಕೆಳಗೆ ಮಾಡಿ ಗೂಟಕ್ಕೆ. ತೊಳೆದದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು. ಐದು ಕಾಲಂ: ತಾರೀಖು, ಸಾಮಾನು, ತೊಳೆದ ಬಗೆ, ಷರಾ, ಮುಂದೆ ಯಾವ ಕೆಲಸಕ್ಕೆ. ಕಾಲಂ ಖಾಲಿ ಬಿಡುವಂತಿಲ್ಲ. ಬರೆಯಲು ಏನೂ ಇಲ್ಲದಿದ್ದರೆ ಗೀಟು ಎಳೆಯಬೇಕು. ಗೀಟು ಎಂದರೆ ಆ ಸಾಮಾನಿನ ಕೆಲಸ ಮುಗಿಯಿತು, ಯಾರೂ ಅದನ್ನು ಕೇಳಿಕೊಂಡು ಬರುವುದಿಲ್ಲ ಎಂದರ್ಥ. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಹೋಗಿಲ್ಲ. ಅಂದು ಹೊಸ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಅದೇ ಐದು ಕಾಲಂ ಎಳೆದೆ. ಷರಾ ಎಂಬಲ್ಲಿ ಮಾತ್ರ 'ಕೈ' ಎಂದು ಬರೆದೆ.

ಕೈ ಎಂದರೆ ಮಗಳ ಕೈ. ಅವಳು ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡುತ್ತಾಳೆ. ಶಂಕಗಿರಿಯಿಂದ ಮೊರಪ್ಪೂರಿನವರೆಗೆ ಕರೆಯುತ್ತಾರೆ. ಬೇರೆ ಕೆಲಸ ಕಲಿತಿಲ್ಲ, ಬೇಕು ಎಂದೂ ಅಂದವಳಲ್ಲ. ಆ ವರ್ಷ ಮದುವೆಗಳಿಲ್ಲದ ಆಡಿ ತಿಂಗಳು ಕಳೆದು ಮುಹೂರ್ತಗಳು ಶುರುವಾದ ಮೇಲೆ ಅವಳ ಬೆರಳ ತುದಿಗಳು ಕೆಂಪಾಗಿ ಸಿಪ್ಪೆ ಏಳತೊಡಗಿದವು. ಐಪ್ಪಸಿಗೆ ಬಿರುಕು ಬಿಟ್ಟು ರಕ್ತ ಜಿನುಗುತ್ತಿತ್ತು. ಸೇಲಂನ ಚರ್ಮದ ಡಾಕ್ಟರು ಮುಲಾಮು ಬರೆದುಕೊಟ್ಟು ಹೇಳಿದ್ದು ಎರಡು ಮಾತು. ಬ್ರಷ್ ತೊಳೆಯುವ ಬಾಟಲಿಯ ನೊರೆಯನ್ನು ಮೂರು ತಿಂಗಳು ಮುಟ್ಟಬೇಡ, ಅದೇ ಕಾರಣ ಇರಬಹುದು. ವಾಸಿಯಾಗದಿದ್ದರೆ ಹಚ್ಚುವ ಸಾಮಾನುಗಳನ್ನೂ ನೋಡಬೇಕಾಗುತ್ತದೆ. ಮೊದಲ ಮಾತನ್ನು ನಾನು ಚೀಟಿಯಲ್ಲಿ ಬರೆದುಕೊಂಡೆ. ಎರಡನೆಯದನ್ನು ಬರೆದುಕೊಳ್ಳಲಿಲ್ಲ. ತೊಳೆಯುವುದು ನನಗೆ ಗೊತ್ತಿದ್ದ ಕೆಲಸ, ಅದಕ್ಕೆ.

"ಇನ್ಮೇಲಿಂದ ಬ್ರಷ್ ತೊಳ್ಯೋದು ನಂದು," ಎಂದೆ ಸೇಲಂನಿಂದ ಬರುವ ಬಸ್ಸಿನಲ್ಲಿ.

"ಬೇಡಪ್ಪಾ. ಅದು ಬೀಕರ್ ಅಲ್ಲ. ಕೂದ್ಲು."

"ಕೂದ್ಲು ತೊಳ್ಯೋಕೆ ನಮ್ಮನೇಲಿ ಸಾಮಾನಿಲ್ವಾ?"

ಮನೆಯಲ್ಲಿ ಕೂದಲ ವಿಷಯಕ್ಕೆ ಅಧಿಕಾರಿ ನನ್ನ ಅಕ್ಕ. ನನ್ನ ಹೆಂಡತಿ ಹೋದ ಮೇಲೆ ಧರ್ಮಪುರಿ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆ ಇದ್ದಾಳೆ. ಶುಕ್ರವಾರದ ಎಣ್ಣೆನೀರು ತಪ್ಪಿಸಿದವಳಲ್ಲ. ಟವೆಲ್ಲಿನ ಮೇಲಿನ ಸಾಲನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಒಂದ್ ಮೊಕಕ್ಕೆ ಇಷ್ಟಾ? ನಾನು ಮದ್ವೆ ಆದಾಗ ಒಂದ್ ಬೊಟ್ಟು ಅರಿಸ್ನ ಬಳ್ದು ಮಣೆ ಮ್ಯಾಕ್ ಕೂರ್ಸಿದ್ರು. ಏನೇ, ಊರ್ನೋರ ಮೊಕಕ್ಕೆಲ್ಲಾ ಬಣ್ಣ ಬಳೀತೀಯ, ನಿನ್ ಮೊಕ ಯಾವಾಗ್ ಮಣೆ ಮ್ಯಾಕ್ ಕೂರೋದು?"

"ನಂಗೆ ಮಾಡೋಕೆ ಒಳ್ಳೆ ಆರ್ಟಿಸ್ಟ್ ಸಿಕ್ಕಿಲ್ಲ ಅತ್ತೆ."

"ಸಿಕ್ತಾರೆ, ಸಿಕ್ತಾರೆ. ಅಷ್ಟೊತ್ಗೆ ನಿಮ್ಮಪ್ಪ ಬ್ರಸ್ಸನ್ನೇ ಸವೆಸಿರ್ತಾನೆ."

ನಾಟುಮದ್ದಿನ ಅಂಗಡಿಯಿಂದ ಅಂಟುವಾಳ ತಂದೆ. ನಮ್ಮ ಕಡೆ ತಮಿಳಿನಲ್ಲಿ ಪೂಂದಿಕೊಟ್ಟೆ ಅನ್ನುತ್ತಾರೆ. ಹತ್ತು ಕಾಯಿ ಒಡೆದು ಬೀಜ ತೆಗೆದು, ಒಂದು ಚೊಂಬು ಬಿಸಿನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಹಿಸುಕಿ, ಹಳೆಯ ಪಂಚೆಯಲ್ಲಿ ಸೋಸಿದೆ. ಜೇನುಬಣ್ಣದ ನೀರು, ಕೈಯಾಡಿಸಿದರೆ ಒಳ್ಳೆಯ ನೊರೆ. ಮೊದಲ ಸಲ ಲ್ಯಾಬಿನ ರೂಢಿಯಂತೆ ಎಲ್ಲ ಬ್ರಷ್ಷುಗಳನ್ನೂ ಅದರಲ್ಲಿ ಒಂದು ಗಂಟೆ ಮುಳುಗಿಸಿಟ್ಟೆ. ಗಾಜು ಎಷ್ಟು ಹೊತ್ತು ನೆನೆದರೂ ಗಾಜೇ. ಬ್ರಷ್ಷಿಗೆ ಮರದ ಹಿಡಿ ಇದೆ, ಹಿಡಿಗೂ ಕೂದಲಿಗೂ ನಡುವೆ ತಗಡಿನ ಕೊರಳಿದೆ, ಕೊರಳೊಳಗೆ ಗೋಂದಿದೆ. ಎರಡು ಹಿಡಿಗಳ ಬಣ್ಣ ಉಬ್ಬಿ ಎದ್ದಿತು. ನೋಟ್‌ಬುಕ್ಕಿನಲ್ಲಿ ಬರೆದೆ: ಕೊರಳು ನೆನೆಯಬಾರದು.

ಎರಡನೆಯ ಸಲ ಕೂದಲಿನ ತುದಿಯನ್ನು ಮಾತ್ರ ಅದ್ದಿ, ಅಂಗೈಯಲ್ಲಿ ವೃತ್ತವಾಗಿ ಉಜ್ಜಿದೆ. ಪೌಡರಿನ ಬ್ರಷ್ಷುಗಳು ಹೊಸದರಂತೆ ಬಂದವು. ಫೌಂಡೇಶನ್ ಹಚ್ಚುವವು ಮಾತ್ರ ಜಗ್ಗಲಿಲ್ಲ. ಫೌಂಡೇಶನ್ ಎಂದರೆ ಮುಖಕ್ಕೆ ಹಚ್ಚುವ ಮೊದಲ ಬಣ್ಣ, ಬೆವರಿಗೂ ಕಣ್ಣೀರಿಗೂ ಹೋಗಬಾರದೆಂದೇ ಮಾಡಿದ ಸಾಮಾನು. ಅಂಟುವಾಳಕ್ಕೆ ಅದು ಕ್ಯಾರೇ ಅನ್ನಲಿಲ್ಲ. ಕೊಬ್ಬರಿ ಎಣ್ಣೆಗೆ ಬಿಟ್ಟುಕೊಟ್ಟಿತು. ಆದರೆ ಎಣ್ಣೆ ತೆಗೆಯಲು ಅಕ್ಕನ ಮಾತು ಕೇಳಿ ಕಡಲೆಹಿಟ್ಟು ಹಾಕಿದೆ. ಹಿಟ್ಟು ಕೂದಲ ಬುಡಕ್ಕೆ ಹೋಗಿ ಕೂತು, ಒಣಗಿದ ಮೇಲೆ ಬ್ರಷ್ ಬೋಂಡದ ಹಾಗೆ ಗಟ್ಟಿಯಾಯಿತು. ಸೂಜಿಯಿಂದ ಒಂದೊಂದೇ ಎಳೆ ಬಿಡಿಸಲು ಒಂದು ಮಧ್ಯಾಹ್ನ ಹಿಡಿಯಿತು.

ಕಡೆಗೆ ನಿಂತ ಕ್ರಮ ಇದು. ಎರಡು ಹನಿ ಕೊಬ್ಬರಿ ಎಣ್ಣೆ, ಬಟ್ಟೆಯ ಮೇಲೆ ಒರೆಸುವುದು, ಬಣ್ಣ ಬರುವುದು ನಿಲ್ಲುವವರೆಗೆ. ಅಂಟುವಾಳದ ನೀರು ಎರಡು ಸಲ. ಕಾವೇರಿ ನಲ್ಲಿ ನೀರು ಮೂರು ಸಲ, ಬೋರ್ ನೀರು ಬೇಡ, ಅದರ ಉಪ್ಪು ಕೂದಲನ್ನು ಒರಟು ಮಾಡುತ್ತದೆ. ಕಡೆಯ ನೀರನ್ನು ಗಾಜಿನ ಬಾಟಲಿಗೆ ಹಾಕಿ ಕುಲುಕಿ ನೋಡುವುದು. ನೊರೆ ಕಂಡರೆ ಇನ್ನೊಂದು ಸಲ. ಬೆರಳಲ್ಲಿ ಕೂದಲನ್ನು ಕೂಡಿಸಿ, ಹಗ್ಗಕ್ಕೆ ಕ್ಲಿಪ್ಪು ಹಾಕಿ ತಲೆಕೆಳಗೆ ನೇತುಹಾಕುವುದು. ಅಂಟುವಾಳದ ನೀರು ಎರಡನೆಯ ದಿನಕ್ಕೆ ಹುಳಿ ನಾರುತ್ತದೆ, ದಿನವೂ ಹೊಸದು ಮಾಡಬೇಕು. ಬೇರೆ ಬಗೆ ಏನು ಮಾಡಿದರೂ ಮೊದಲು ಒಂದೇ ಬ್ರಷ್ಷಿನ ಮೇಲೆ ನೋಡಬೇಕು. ಅದು ಲ್ಯಾಬಿನಲ್ಲಿ ನಮಗೆ ಮೊದಲ ದಿನ ಕಲಿಸಿದ ಪಾಠ.

ಕಾರ್ತಿಕದಲ್ಲಿ ಆ ಪಾಠವನ್ನು ನಾನೇ ಮುರಿದೆ.

ಮೊರಪ್ಪೂರಿನಲ್ಲಿ ಒಂದು ಮದುವೆ. ಹುಡುಗಿಯ ಮನೆಯವರೂ ನಮ್ಮಂತೆ ಕನ್ನಡ ಮಾತಿನವರೇ. ಮೂರು ದಿನದಿಂದ ಬಿಸಿಲಿಲ್ಲ, ಸೋನೆ ಬಿಡಲಿಲ್ಲ. ಹಗ್ಗದ ಮೇಲಿನ ಬ್ರಷ್ಷುಗಳು ಒಳಗೆ ಒದ್ದೆ, ಮೂಸಿದರೆ ಮುಗ್ಗಲು ವಾಸನೆ. ಮಾರನೆಯ ದಿನ ಹೊರಡಬೇಕು. ಫ್ಯಾನಿನ ಗಾಳಿಗೂ ಆರಲಿಲ್ಲ.

"ಲೇ ತಮ್ಮಾ, ಕೂದ್ಲು ಅಂದ್ರೆ ಕೂದ್ಲೇ ತಾನೆ?" ಎಂದಳು ಅಕ್ಕ. "ಬಾಣಂತಿ ತಲೆ ಮಳೆಗಾಲ್ದಲ್ಲಿ ಎಂಗ್ ಒಣಗ್ಸ್ತೀವಿ? ನಿನ್ ಮಗ್ಳು ಹುಟ್ಟಿದ್ದು ಐಪ್ಪಸೀಲೇ. ಸಾಂಬ್ರಾಣಿ ಹೊಗೆ ಹಿಡ್ದೇ ಅಲ್ವಾ ಅವ್ಳಮ್ಮನ್ ತಲೆ ಒಣಗ್ಸಿದ್ದು?"

ಬಿದಿರ ಬುಟ್ಟಿ ತಂದಳು. ಕೆಂಡದ ಮೇಲೆ ಸಾಂಬ್ರಾಣಿ ಪುಡಿ ಉದುರಿಸಿದಳು. ಬುಟ್ಟಿ ಕವುಚಿ, ಅದರ ಮೇಲೆ ಇಪ್ಪತ್ತೇಳನ್ನೂ ಹರಡಿದೆ. ಎಲ್ಲವನ್ನೂ, ಒಟ್ಟಿಗೆ. ಒಂದರ ಮೇಲೆ ನೋಡಲು ಹೊತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಗಂಟೆಯಲ್ಲಿ ಬ್ರಷ್ಷುಗಳು ಬೆಚ್ಚಗೆ, ಹಗುರವಾಗಿ, ಪರಿಮಳವಾಗಿ ಒಣಗಿದ್ದವು. ಅಕ್ಕ ಗೆದ್ದ ಮುಖ ಮಾಡಿದಳು.

ಮದುವೆಗೆ ನಾನೂ ಹೋದೆ. ಬೆರಳಿಗೆಲ್ಲ ಪ್ಲಾಸ್ಟರ್ ಸುತ್ತಿಕೊಂಡ ಮಗಳು ಡಬ್ಬಿಗಳ ಮುಚ್ಚಳ ತಿರುಗಿಸಲಾರಳು. ಸೇಲಂ ಸ್ಟೇಷನ್ನಿನಿಂದ ರೈಲು, ಮೊರಪ್ಪೂರಿನಲ್ಲಿ ಇಳಿದು ಆಟೋ. ಮಂಟಪದ ಹೆಣ್ಣಿನ ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಅವಳು ಕೇಳಿದ ನಂಬರಿನ ಬ್ರಷ್ ಎತ್ತಿ ಕೊಡುವುದು ನನ್ನ ಕೆಲಸ. ಫೌಂಡೇಶನ್ ಮುಗಿಯಿತು. ಪೌಡರಿಗೆ ಒಂದನೇ ನಂಬರು ಕೊಟ್ಟೆ. ಅವಳು ಹುಡುಗಿಯ ಕೆನ್ನೆಯ ಮೇಲೆ ಎರಡು ಸಲ ಆಡಿಸಿ ನಿಂತಳು. ಪೌಡರು ಹರಡುತ್ತಿಲ್ಲ, ತೇಪೆ ತೇಪೆಯಾಗಿ ಕೂರುತ್ತಿದೆ. ಕೂದಲೆಳೆಗಳ ಮೇಲೆ ಹೊಗೆಯ ಜಿಡ್ಡು ಕಾಣದ ಅಂಟಾಗಿ ನಿಂತಿತ್ತು. ಎರಡನೇ ನಂಬರು ಕೊಟ್ಟೆ. ಅದರ ಕೊರಳಿನ ಗೋಂದು ಕೆಂಡದ ಬಿಸಿಗೆ ಸಡಿಲಾಗಿರಬೇಕು. ಕೆನ್ನೆಯ ಮೇಲೆ ಕೂದಲು ಉದುರಿತು. ಒಂದಲ್ಲ, ಹತ್ತಾರು.

ಹುಡುಗಿಯ ಸೋದರತ್ತೆ ಹತ್ತಿರ ಬಂದು ಮೂಗೆಳೆದಳು.

"ಇದೇನಮ್ಮಾ ಇದು, ಇನ್ನೂ ತಾಳಿನೇ ಕಟ್ಟಿಲ್ಲ, ಹೆಣ್ಣಿನ್ ಮೊಕ ಬಾಣಂತಿ ವಾಸ್ನೆ ಒಡೀತೈತೆ!"

ಕೋಣೆಯೆಲ್ಲ ನಕ್ಕಿತು. ಹುಡುಗಿ ನಗಲಿಲ್ಲ, ನಕ್ಕರೆ ಬಣ್ಣ ಬಿರುಕು ಬಿಡುತ್ತದೆ. ಹೊರಗೆ ನಾದಸ್ವರ ಶುರುವಾಗಿತ್ತು. ಮಗಳು ಬಲಗೈಯ ಪ್ಲಾಸ್ಟರುಗಳನ್ನು ಹಲ್ಲಿನಿಂದ ಕಿತ್ತು ತೆಗೆದು, ಬರಿ ಬೆರಳ ತುದಿಯಿಂದ ಆ ಕೆನ್ನೆಯ ಮೇಲಿನ ಕೂದಲನ್ನು ಒಂದೊಂದಾಗಿ ಒತ್ತಿ ತೆಗೆದಳು. ಆಮೇಲೆ ಇಡೀ ಮುಖವನ್ನು ಬೆರಳಿನಲ್ಲೇ ತೀಡಿ ಮುಗಿಸಿದಳು. ಹುಡುಗಿ ಎದ್ದು ನಿಂತಾಗ ಚೆನ್ನಾಗಿಯೇ ಇದ್ದಳು. ಅಷ್ಟು ಚೆನ್ನಾಗಿ ನನ್ನ ಮಗಳು ಕೆಲಸ ಮಾಡಬಲ್ಲಳೆಂದು ನಾನು ಕಣ್ಣಾರೆ ಕಂಡದ್ದು ಅಂದೇ.

ರೈಲಿನಲ್ಲಿ ಅವಳ ಬೆರಳುಗಳು ಊದಿಕೊಂಡಿದ್ದವು.

"ಅಪ್ಪಾ, ಯಾವಾಗ್ಲೂ ಒಂದ್ರ ಮೇಲೆ ನೋಡು ನೋಡು ಅಂತಿಯ. ನೀನ್ಯಾಕೆ ನೋಡ್ಲಿಲ್ಲ?"

ಮನೆಗೆ ಬಂದು ರಿಜಿಸ್ಟರ್ ತೆರೆದೆ. ಐದು ಬ್ರಷ್ಷುಗಳು ಆ ದಿನಕ್ಕೆ ಮುಗಿದವು. ಅವುಗಳ ಸಾಲಿನಲ್ಲಿ ಗೀಟು ಎಳೆದೆ. ಉಳಿದ ಇಪ್ಪತ್ತೆರಡರ ಜಿಡ್ಡು ಬಿಡಿಸಲು ಒಂದು ವಾರ ಎಣ್ಣೆ ಮತ್ತು ಅಂಟುವಾಳದ ನಡುವೆ ಓಡಾಡಿದೆ.

ಕಾರ್ತಿಕ ಮುಗಿದು ಮಾರ್ಗಳಿ ತಿಂಗಳು ಬಂತು. ಇನ್ನು ಕ್ರಮ ತಪ್ಪುವುದಿಲ್ಲ ಎಂದು ತೀರ್ಮಾನಿಸಿದ್ದೆ. ದಿನವೂ ಆರೂವರೆಗೆ ತೊಳೆತ, ನಾಲ್ಕಕ್ಕೆ ಒಣಗಿದ್ದನ್ನು ಇಳಿಸುವುದು. ಐದಕ್ಕೆ ಮಗಳ ಕೈಗೆ ಬ್ರಷ್ಷುಗಳನ್ನು ಕೊಡುತ್ತಿದ್ದೆ. ಅವಳು ಒಂದೊಂದನ್ನೂ ಅಂಗೈ ಮೇಲೆ, ಬೆರಳ ಸಂದಿಯಲ್ಲಿ ಆಡಿಸಬೇಕು. ಮರುದಿನ ಬೆಳಿಗ್ಗೆ ಕೈ ನೋಡಿ ಬರೆಯುವುದು. ಮೊದಲ ವಾರ: ಕೆಂಪು ಕಡಿಮೆ. ಎರಡನೆಯ ವಾರ: ಬಿರುಕು ಮುಚ್ಚಿದೆ. ಮೂರನೆಯ ವಾರ: ಸಿಪ್ಪೆ ಇಲ್ಲ. ಒಂದು ಬೆಳಿಗ್ಗೆ ಅವಳು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಪುಡಿ ಮುಟ್ಟಿದ್ದಳು. ಎದ್ದು ಬಂದು ಎರಡೂ ಕೈಯನ್ನು ನನ್ನ ಮುಂದೆ ಚಾಚಿದಳು.

"ನೋಡಪ್ಪಾ, ಎಳೇ ಮಗೀನ್ ಕೈ."

ಅಕ್ಕ ದೃಷ್ಟಿ ತೆಗೆದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: 'ವಾಸಿ.' ಕೆಳಗೆ ಎರಡು ಗೆರೆ ಎಳೆದೆ. ಬೀದಿಯಲ್ಲಿ ಸಿಕ್ಕ ಹಳೆಯ ಲ್ಯಾಬಿನವರಿಗೆಲ್ಲ ಹೇಳಿದೆ. ಅಂಟುವಾಳ, ಕೊಬ್ಬರಿ ಎಣ್ಣೆ, ಕಾವೇರಿ ನೀರು, ಅಷ್ಟೇ, ಬಾಟಲಿ ಎಲ್ಲಾ ಕಸ, ಎಂದೆ. ಆ ಧೈರ್ಯದ ಮೇಲೆ ಮಗಳು ಮುಂದಿನ ತೈ ತಿಂಗಳ ಮುಹೂರ್ತಗಳಿಗೆ ಬಂದವರಿಗೆಲ್ಲ ಒಪ್ಪಿಕೊಂಡಳು. ಒಂಬತ್ತು ಮದುವೆ. ಐದನೆಯ ಕಾಲಮ್ಮಿನಲ್ಲಿ ಊರುಗಳ ಹೆಸರು ತುಂಬಿದವು.

ಪೊಂಗಲ್ ಕಳೆದ ಮೇಲಿನ ಮೊದಲ ಮುಹೂರ್ತ ಶಂಕಗಿರಿಯಲ್ಲಿ. ಬ್ರಷ್ಷುಗಳು ನಾನು ಕಂಡ ಅತಿ ಶುದ್ಧ ಸ್ಥಿತಿಯಲ್ಲಿದ್ದವು, ಅದನ್ನು ಇಂದಿಗೂ ಹೇಳಬಲ್ಲೆ. ಮಾರನೆಯ ಬೆಳಿಗ್ಗೆ ಆರೂವರೆಗೆ ಮಗಳು ಜಗಲಿಗೆ ಬರಲಿಲ್ಲ. ಒಳಗೆ ಹೋದೆ. ಮಂಚದ ಮೇಲೆ ಕೂತು ಕೈಗಳನ್ನು ಸೀರೆಯ ಕೆಳಗೆ ಇಟ್ಟುಕೊಂಡಿದ್ದಳು.

"ತೋರ್ಸು."

"ಬೇಡಪ್ಪಾ."

ತೋರಿಸಿದಳು. ಐಪ್ಪಸಿಗಿಂತ ಹೆಚ್ಚಾಗಿತ್ತು. ಮಣಿಕಟ್ಟಿನವರೆಗೆ ಏರಿತ್ತು.

ನೋಟ್‌ಬುಕ್ ತೆಗೆದುಕೊಂಡು ಜಗಲಿಯಲ್ಲಿ ಕೂತೆ. ಎಲ್ಲಿ ತಪ್ಪಿದೆ ಎಂದು ಮೊದಲಿಂದ ಓದಿದೆ. ನೀರು ಅದೇ, ಕಾಯಿ ಅದೇ, ತೊಳೆದ ಬಗೆ ಅದೇ. ಮೂರನೆಯ ಕಾಲಂ ಮುಗಿಸಿ ಐದನೆಯದಕ್ಕೆ ಬಂದಾಗ ಕಂಡಿತು. ಮಾರ್ಗಳಿಯ ಉದ್ದಕ್ಕೂ ಅಲ್ಲಿ ಒಂದೇ ಪದ: 'ಮನೆ', 'ಮನೆ', 'ಮನೆ'. ಧನುರ್ಮಾಸವೆಂದು ಆ ತಿಂಗಳು ಯಾರ ಮನೆಯಲ್ಲೂ ಮದುವೆ ಮಾಡುವುದಿಲ್ಲ. ನನ್ನ ಅಜ್ಜಿಯ ಕಾಲದಿಂದ ಇಲ್ಲ. ಮಗಳು ಮೂವತ್ತು ದಿನ ಒಂದು ಡಬ್ಬಿಯ ಮುಚ್ಚಳವನ್ನೂ ತೆರೆದಿರಲಿಲ್ಲ. ಕೈಯನ್ನು ವಾಸಿ ಮಾಡಿದ್ದು ಮಾರ್ಗಳಿ. ಹೆಸರು ತೆಗೆದುಕೊಂಡದ್ದು ನಾನು.

ಲ್ಯಾಬಿನಲ್ಲಿ ಒಬ್ಬ ಹೊಸಬ ಹೀಗೆ ಮಾಡಿದ್ದರೆ ನಾನೇ ಅವನ ನೋಟ್‌ಬುಕ್ ಹರಿದು ಕೈಗೆ ಕೊಡುತ್ತಿದ್ದೆ. ಎರಡು ವಿಷಯ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ಹೇಳಬಾರದು.

ಇಷ್ಟಾದರೂ ಅದು ಇನ್ನೂ ಊಹೆ. ನೋಡಿಯೇ ಬಿಡಬೇಕಿತ್ತು. ಅವಳ ಎಡ ಮೊಳಕೈಯ ಒಳಬದಿಯಲ್ಲಿ ತೊಳೆದ ಬ್ರಷ್ಷನ್ನು ಬರಿದಾಗಿ ಆಡಿಸಿದೆ. ಬಲ ಮೊಳಕೈಯಲ್ಲಿ ಅದೇ ಬ್ರಷ್ಷಿನಿಂದ ಸಾಸಿವೆಯಷ್ಟು ಫೌಂಡೇಶನ್. ಪೆನ್ನಿನಿಂದ ಸುತ್ತ ಗುರುತು ಹಾಕಿದೆ. ಎರಡನೆಯ ದಿನ ಎಡಗಡೆ ಏನೂ ಇಲ್ಲ. ಬಲಗಡೆ ಗೆರೆಯೊಳಗೆ ಕೆಂಪು, ಸಣ್ಣ ಗುಳ್ಳೆಗಳು. ಪೌಡರಿಗೂ ಹಾಗೇ ನೋಡಿದೆ. ಅದೂ ಹಾಗೇ.

"ಏನೂ ಏಳ್ಬೇಡ ಈಗ," ಎಂದಳು ಅಕ್ಕ ಅಡಿಗೆಮನೆಯಲ್ಲಿ, ತಗ್ಗಿದ ದನಿಯಲ್ಲಿ. "ಇನ್ನೂ ಎಂಟ್ ಮದ್ವೆ ಐತೆ. ಬೇವಿನ್ ಸೊಪ್ಪು ಹಾಕಿ ತೊಳೆದು ನೋಡ್ತೀನಿ ಅನ್ನು. ಅವ್ಳಿಗೆ ಒಂದ್ ಆಸೆ ಇರ್ಲಿ."

ಬೇವಿನ ಸೊಪ್ಪು ಹಿತ್ತಲಲ್ಲೇ ಇತ್ತು. ಒಂದು ದಿನ ಪೂರ್ತಿ ಯೋಚಿಸಿದೆ. ತೊಳೆಯುವ ಇನ್ನೊಂದು ಬಗೆ ಹುಡುಕುವುದು ನನಗೆ ಕಷ್ಟವಲ್ಲ. ಒಂದು ವರ್ಷ ಹಾಗೇ ಹುಡುಕುತ್ತಾ ಹೋಗಬಹುದು, ಅವಳ ಕೈ ಪೂರಾ ಹಾಳಾಗುವವರೆಗೆ. ಸಂಜೆ ನೋಟ್‌ಬುಕ್ಕನ್ನು ಅವಳ ಮುಂದೆ ಇಟ್ಟು, ಮಾರ್ಗಳಿಯ ಪುಟ ತೆರೆದು, ಐದನೆಯ ಕಾಲಮ್ಮಿನ ಮೇಲೆ ಬೆರಳಿಟ್ಟೆ. ಆಮೇಲೆ ಅವಳ ಎರಡೂ ಮೊಳಕೈಗಳನ್ನು ತಿರುಗಿಸಿ ತೋರಿಸಿದೆ.

ಅವಳು ಬಹಳ ಹೊತ್ತು ಓದಿದಳು.

"ಅಂದ್ರೆ ತೊಳ್ದಿದ್ದಕ್ಕೆ ಏನೂ ಸಂಬಂಧ ಇಲ್ಲ."

"ಇಲ್ಲ ಕಣ್ಣಮ್ಮಾ."

"ನಾನ್ ಮುಟ್ಟೋ ಸಾಮಾನೇ ನಂಗೆ ಆಗಲ್ಲ."

"ಡಾಕ್ಟ್ರಿಗೆ ತೋರ್ಸೋಣ. ಅವ್ರು ಸರಿಯಾಗ್ ನೋಡ್ಲಿ."

ಡಾಕ್ಟರು ಅವಳ ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿಗಳನ್ನು ಅಂಟಿಸಿ ಎರಡು ದಿನ ಬಿಟ್ಟು ನೋಡಿದರು. ಅವಳಿಗೆ ಆಗದ್ದು ಎರಡು: ಪರಿಮಳಕ್ಕೆ ಹಾಕುವ ಒಂದು ವಸ್ತು, ಕೆಡದಿರಲು ಹಾಕುವ ಇನ್ನೊಂದು. ಎರಡೂ ಇಲ್ಲದ ಸಾಮಾನು ಸಿಗುವುದಿಲ್ಲವೇ ಎಂದು ಕೇಳಿದೆ. ಒಂದೆರಡು ಸಿಗಬಹುದು, ಒಂದು ಮುಖಕ್ಕೆ ಬೇಕಾದದ್ದೆಲ್ಲ ಸಿಗುವುದು ಕಷ್ಟ, ಹೆಣ್ಣಿನ ಕಡೆಯವರು ತಾವೇ ತಂದಿಟ್ಟ ಡಬ್ಬಿಗಳೂ ಇರುತ್ತವಲ್ಲ, ಎಂದರು. ಆಮೇಲೆ ತಮಿಳಿನಲ್ಲಿ ಮೆಲ್ಲಗೆ, "ಇಂದ ವೇಲೈ ವೇಂಡಾಮ್ಮಾ," ಎಂದರು. ಈ ಕೆಲಸ ಬೇಡಮ್ಮಾ ಎಂದು.

ಮಗಳು ಅಲ್ಲಿಗೇ ಬಿಡಲಿಲ್ಲ. ತೆಳ್ಳನೆಯ ಗ್ಲೌಸ್ ಹಾಕಿ ಎರಡು ಮದುವೆ ಮಾಡಿದಳು. ಗ್ಲೌಸಿನೊಳಗೆ ಕೈ ಬೆವರಿ ಇನ್ನೂ ಹುಣ್ಣಾಯಿತು. "ಮೊಕ ಗೊತ್ತಾಗಲ್ಲಪ್ಪಾ ಇದ್ರಲ್ಲಿ," ಎಂದಳು. "ಎಲ್ಲಿ ಒಣಗೈತೆ, ಎಲ್ಲಿ ಒದ್ದೆ ಐತೆ, ಬೆರಳಿಗೇ ಗೊತ್ತಾಗ್ಬೇಕು." ಎರಡನೆಯ ಮದುವೆಯ ಹೊತ್ತಿಗೆ ಕಣ್ಣಿನ ರೆಪ್ಪೆಗಳೂ ಊದಿಕೊಂಡವು. ಉಳಿದ ಆರನ್ನು ಸೇಲಂನ ಇನ್ನೊಬ್ಬ ಹೆಂಗಸಿಗೆ ಬಿಟ್ಟುಕೊಟ್ಟಳು. ಫೋನಿನಲ್ಲಿ ಒಬ್ಬೊಬ್ಬ ಹುಡುಗಿಗೂ ತಾನೇ ಹೇಳಿದಳು, ಯಾರ ಮುಖಕ್ಕೆ ಯಾವ ಬಣ್ಣ ಹೊಂದುತ್ತದೆ ಎನ್ನುವುದನ್ನೂ ಆ ಹೆಂಗಸಿಗೆ ವಿವರಿಸಿದಳು. ಕಡೆಯ ಫೋನು ಇಟ್ಟ ಮೇಲೆ ಅಕ್ಕ ಏನೋ ತಮಾಷೆ ಮಾಡಲು ಹೋಗಿ ನಿಲ್ಲಿಸಿದಳು.

ಮಾರನೆಯ ದಿನ ಆರೂವರೆಗೆ ಬಿಳಿ ಟವೆಲ್ ಹಾಸಿದೆ. ಕಡೆಯ ಮದುವೆಯ ಬಣ್ಣ ಬ್ರಷ್ಷುಗಳಲ್ಲಿ ಹಾಗೇ ಇತ್ತು. ಕೊಳೆಯನ್ನು ಹಾಗೇ ಬಿಡುವುದು ನನ್ನಿಂದಾಗದು. ಎಣ್ಣೆ ಎರಡು ಹನಿ. ಅಂಟುವಾಳ ಎರಡು ಸಲ. ನಲ್ಲಿ ನೀರು ಮೂರು ಸಲ. ಬಾಟಲಿ ಕುಲುಕಿದೆ, ನೊರೆ ಇಲ್ಲ. ತೈ ತಿಂಗಳ ಬಿಸಿಲಿಗೆ ನಾಲ್ಕರೊಳಗೆ ಚೆನ್ನಾಗಿ ಒಣಗಿದವು. ಇಪ್ಪತ್ತೆರಡನ್ನೂ ಒಗೆದ ಬಟ್ಟೆಯಲ್ಲಿ ಸುತ್ತಿದೆ.

ನೋಟ್‌ಬುಕ್ ತೆರೆದು ತಾರೀಖು ಬರೆದೆ, ನಂಬರುಗಳನ್ನು ಬರೆದೆ, ತೊಳೆದ ಬಗೆ ಬರೆದೆ. ನಾಲ್ಕನೆಯ ಕಾಲಮ್ಮಿನಲ್ಲಿ ಅವಳ ಕೈ ಹೇಗಿತ್ತೋ ಹಾಗೆ ಬರೆದೆ. ಅಲ್ಲಿಗೆ ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದೆ.

ಮಗಳು ಕಾಫಿ ತಂದಳು. ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದಿದ್ದಳು, ಬೆರಳು ತಾಗದಂತೆ. ಕೆಳಗಿಟ್ಟು, ನನ್ನ ಭುಜದ ಮೇಲಿಂದ ಪುಟವನ್ನು ನೋಡಿದಳು.

"ಅಪ್ಪಾ, ಐದ್ನೇದು ಖಾಲಿ ಬಿಟ್ಟಿದ್ದೀಯ."

"ಆಮೇಲ್ ಬರೀತೀನಿ."

"ಖಾಲಿ ಬಿಡೋ ಹಂಗಿಲ್ಲ ಅಂತ ನೀನೇ ತಾನೆ ಹೇಳೋದು." ಸ್ಕೇಲನ್ನು ಬೆರಳ ಗೆಣ್ಣಿನಿಂದ ನನ್ನ ಕಡೆ ತಳ್ಳಿದಳು. "ಎಳಿ."

ಸ್ಕೇಲ್ ಇಟ್ಟು ಎಳೆದೆ. ಇಪ್ಪತ್ತೆರಡು ಸಾಲಿಗೂ ಒಂದೊಂದು. ಮುಗಿಯುವವರೆಗೆ ಅವಳು ಪಕ್ಕದಲ್ಲೇ ನಿಂತಿದ್ದಳು.